ಅಲುಗದ ಸ್ವರತಂತು

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಡಲ್ಲಾಸ್‌ನಲ್ಲಿ ಇಎನ್‌ಟಿ ಸರ್ಜನ್, ಮನೆ ಪಕ್ಕದ ಊರಾದ ಯೂಲೆಸ್‌ನಲ್ಲಿ. ಗಂಟಲು ಕೆಟ್ಟ ಗಾಯಕರು ನನ್ನಲ್ಲಿಗೆ ಬರುವುದು ಹೊಸದಾಗಿರಲಿಲ್ಲ. ಆದರೆ ಆ ಸೋಮವಾರ ಬಂದವರು ಆಫ್ರಿಕನ್ ಅಮೆರಿಕನ್ನರ ಸೋಲ್ ಸಂಗೀತದಲ್ಲಿ ದೇಶವೇ ತಲೆದೂಗುವಷ್ಟು ಹೆಸರು ಮಾಡಿದ್ದ ಹಾಡುಗಾರ್ತಿ. ಹೂಸ್ಟನ್ನಿನ ಚರ್ಚೊಂದರಲ್ಲಿ ಹಾಡುತ್ತ ಬೆಳೆದವರು. ಇಲ್ಲಿ ಅವರನ್ನು ಲೊರೇನ್ ಎಂದು ಕರೆಯುತ್ತೇನೆ.

ಕೆಲವು ತಿಂಗಳಿಂದ ಅವರ ದನಿ ಒಡೆದಿತ್ತು. ವಿಚಿತ್ರವೆಂದರೆ ಜನ ಅದಕ್ಕೇ ಮರುಳಾಗಿದ್ದರು. ಹೊಸ ಆಲ್ಬಮ್ಮಿನ ಆ ಬಿರುಕು ದನಿಯನ್ನು ಪತ್ರಿಕೆಗಳು ಹೊಗಳಿದ್ದವು. ನನ್ನ ಹೆಂಡತಿ ಕಾರಿನಲ್ಲಿ ಅದನ್ನೇ ಹಾಕುತ್ತಿದ್ದಳು. ಬರುವ ಶನಿವಾರ ಆಸ್ಟಿನ್‌ನಲ್ಲಿ ಕಾರ್ಯಕ್ರಮವಿತ್ತು. ಊತ ಇಳಿಸಲು ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಸಾಕೆಂದು ಜೊತೆಗೆ ಬಂದಿದ್ದ ಮ್ಯಾನೇಜರ್ ಹೇಳಿದ.

ಕ್ಯಾಮೆರಾ ಇರುವ ತೆಳು ನಳಿಕೆಯನ್ನು ಮೂಗಿನ ಮೂಲಕ ಇಳಿಸಿ, 'ಈ' ಎನ್ನಲು ಹೇಳಿದೆ. ಬಲ ಸ್ವರತಂತು ಮಧ್ಯಕ್ಕೆ ಬಂತು. ಎಡದ್ದು ಅಲುಗಲಿಲ್ಲ. ಗಂಟು, ಊತ ಏನೂ ಇರಲಿಲ್ಲ. ಎಡ ಸ್ವರತಂತುವನ್ನು ಅಲುಗಿಸುವ ನರ ನೇರವಾಗಿ ಗಂಟಲಿಗೆ ಬರುವುದಿಲ್ಲ. ಎದೆಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯನ್ನು ಸುತ್ತಿಕೊಂಡು ಮೇಲೇರುತ್ತದೆ. ಕೇಡು ಅಲ್ಲಿರಬಹುದು.

ಮಧ್ಯಾಹ್ನವೇ ಸಿಟಿ ಸ್ಕ್ಯಾನ್ ಮಾಡಿಸಿದೆ. ಮಹಾಧಮನಿ ಬಲೂನಿನಂತೆ ಉಬ್ಬಿ ನರವನ್ನು ಒತ್ತುತ್ತಿತ್ತು. ಇದಕ್ಕೆ ಅನ್ಯೂರಿಸಂ ಎನ್ನುತ್ತೇವೆ. ಏರುಸ್ವರಕ್ಕೆ ಉಸಿರು ಬಿಗಿಹಿಡಿದಾಗ ಒತ್ತಡ ಏರಿ ಅದು ಒಡೆಯಬಹುದಿತ್ತು. ಕೂಡಲೇ ಆಪರೇಷನ್ ಆಗಬೇಕು ಎಂದೆ.

ಇದೊಂದು ಕಾರ್ಯಕ್ರಮ ಮುಗಿಯಲಿ ಎಂದ ಮ್ಯಾನೇಜರ್. ಲೊರೇನ್ ಅವನನ್ನು ಹೊರಗೆ ಕಳಿಸಿದರು.

"ಹಾಗಾದರೆ ಅವರೆಲ್ಲ ಮೆಚ್ಚಿದ್ದು ಈ ಕಾಯಿಲೆಯನ್ನೇ, ಡಾಕ್ಟರ್?"

"ಹೌದು. ಶನಿವಾರ ಹಾಡಿದರೆ ನೀವು ವೇದಿಕೆಯಿಂದ ನಡೆದು ಇಳಿಯುತ್ತೀರೆಂದು ನಾನು ಹೇಳಲಾರೆ."

ಆಪರೇಷನ್ ಆದಮೇಲೆ ಹಾಡಬಹುದೇ ಎಂದು ಕೇಳಿದರು. ಜೀವ ಉಳಿಯಬಹುದು, ದನಿಯ ಬಗ್ಗೆ ಮಾತು ಕೊಡಲಾರೆ ಎಂದೆ. ಕೈಚೀಲ ಎತ್ತಿಕೊಂಡು, ಆಪರೇಷನ್ನಿಗೇ ಹೊರಡೋಣ ಎಂದರು.

ಅಂದೇ ಹೂಸ್ಟನ್ನಿನ ಹೃದಯದ ಆಸ್ಪತ್ರೆಗೆ ಕಳಿಸಿದೆವು. ಧಮನಿಯ ಗೋಡೆ ಒದ್ದೆ ಕಾಗದದಂತಿತ್ತು ಎಂದು ಅಲ್ಲಿಯ ಸರ್ಜನ್ ಮರುದಿನ ಆಪರೇಷನ್ ಮುಗಿಸಿ ಫೋನಿನಲ್ಲಿ ಹೇಳಿದರು. ಇತ್ತ ಆಸ್ಟಿನ್ ಕಾರ್ಯಕ್ರಮ ರದ್ದಾದದ್ದಕ್ಕೆ, ಹೆಸರು ಬಂದಮೇಲೆ ಅಹಂಕಾರ ಎಂದು ಕಾರಣ ತಿಳಿಯದ ಜನ ಬೈದುಕೊಂಡರು.

ಜೀವ ಉಳಿಯಿತು; ನರ ಚೇತರಿಸಿಕೊಳ್ಳಲಿಲ್ಲ. ಲೊರೇನ್ ಮತ್ತೆ ವೇದಿಕೆ ಹತ್ತಲಿಲ್ಲ. ಕೆಲವು ವರ್ಷಗಳ ನಂತರ ಹೂಸ್ಟನ್ನಿನ ಅದೇ ಚರ್ಚಿನಲ್ಲಿ ಅವರನ್ನು ಕಂಡೆ. ಪಿಸುಮಾತಿನಂಥ ದನಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ದನಿ ಹೋದದ್ದಕ್ಕೆ ಸಿಟ್ಟಿದೆಯೇ ಎಂದು ಕೇಳಿದೆ.

"ಬೆಳಿಗ್ಗೆ ಏಳುವಾಗ ದಿನವೂ ಇರುತ್ತದೆ. ಮಕ್ಕಳು ಬರುವ ಹೊತ್ತಿಗೆ ಹೋಗಿರುತ್ತದೆ."

ದನಿ ಬದಲಾದಾಗ ಅದು ಇಂಪಾಗಿದೆಯೇ ಎಂಬುದು ಕೇಳುಗರ ಪ್ರಶ್ನೆ. ಏಕೆ ಬದಲಾಯಿತು ಎಂದು ಯಾರಾದರೂ ಒಬ್ಬರು ಕೇಳಲೇಬೇಕು. ನನ್ನ ಕೆಲಸ ಅದೇ ಎಂದು ಕಲಿಸಿದ್ದು ಆ ಸೋಮವಾರ.