ದಿನಾ ಅನ್ನ ಉಣ್ಣುವ ಊರು

ನಾನು ಚಿಕ್ಕವನಿದ್ದಾಗ, ಅಂದರೆ ನಿಮ್ಮ ಹಾಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ಅನ್ನ ಕಂಡರೆ ಅದು ಹಬ್ಬದ ದಿನ ಅಂತಲೇ ಲೆಕ್ಕ. ನಮ್ಮದು ರಾಯಚೂರಿನ ಕಡೆಯ ಸುಡುಬಿಸಿಲಿನ ಊರು. ಹೊಲದಲ್ಲಿ ಜೋಳ, ತಟ್ಟೆಯಲ್ಲಿ ರೊಟ್ಟಿ. ಯುಗಾದಿಗೋ ದೀಪಾವಳಿಗೋ ಒಂದು ಸಣ್ಣ ಗಡಿಗೆಯಲ್ಲಿ ಅನ್ನ ಬೇಯುತ್ತಿತ್ತು. ಅಜ್ಜಿ ತನ್ನ ಪಾಲನ್ನು ಅಕ್ಕನಿಗೆ ಬಡಿಸಿ, "ನನಗ ಅನ್ನ ಸೇರಂಗಿಲ್ಲವ್ವ" ಅನ್ನುತ್ತಿದ್ದಳು. ಶುದ್ಧ ಸುಳ್ಳು!

ಅಪ್ಪನಿಗೆ ಮದರಾಸಿನ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಅಜ್ಜಿ ದೊಡ್ಡಪ್ಪನ ಜೊತೆ ಊರಲ್ಲೇ ಉಳಿದಳು, ನಾವು ಹೊರಟೆವು. ಒಂದು ರಾತ್ರಿ ರೈಲಿನಲ್ಲಿ ಕೂತು ಬೆಳಗ್ಗೆ ಇಳಿದರೆ, ಅಬ್ಬಬ್ಬಾ, ಬೇರೆಯೇ ಲೋಕ! ನಮ್ಮ ಮನೆಯಿದ್ದ ಪುರಸೈವಾಕ್ಕಂನ ಬೀದಿಯಲ್ಲಿ ಮಲ್ಲಿಗೆಯ ಘಮ, ಕಾಫಿ ಹುರಿಯುವ ವಾಸನೆ, ಗೋಡೆಯ ನಲ್ಲಿ ತಿರುಗಿಸಿದರೆ ನೀರು. ತೆರೆದ ಬಾಯಿ ನಾನು ಮುಚ್ಚಲೇ ಇಲ್ಲ.

ಮಧ್ಯಾಹ್ನ ಅಮ್ಮ ತಟ್ಟೆ ತುಂಬ ಹಬೆಯಾಡುವ ಅನ್ನ ಬಡಿಸಿದಳು.

"ಇವತ್ತ ಯಾವ ಹಬ್ಬ ಐತಪ್ಪಾ?" ಅಕ್ಕ ಕೇಳಿದಳು.

"ಹಬ್ಬಾನೂ ಇಲ್ಲ, ಹುಣ್ಣಿಮೀನೂ ಇಲ್ಲ. ಈ ಊರಾಗ ಕೂಲಿ ಮಾಡೋರೂ ದಿನಾ ಇದನ್ನ ಉಣ್ತಾರ," ಅಪ್ಪ ನಕ್ಕ.

ನಮಗೆ ನಂಬಿಕೆಯೇ ಬರಲಿಲ್ಲ. ನಾನಂತೂ ಹೊಟ್ಟೆ ಬಿರಿಯುವಂತೆ ಉಂಡೆ. ಅಕ್ಕ ಅರ್ಧ ಉಂಡು, ಉಳಿದದ್ದನ್ನು ಲಂಗದ ಮಡಿಲಲ್ಲಿ ಮುಚ್ಚಿಕೊಂಡು ಎದ್ದಳು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮಾಮಿ ತಾರಸಿಯಿಂದ ನಗುತ್ತಾ ಇಳಿದು ಬಂದರು. "ಉಂಗ ಪೊಣ್ಣು ವಡಾಂ ಪೋಟ್ಟಿರುಕ್ಕಾ, ಉಪ್ಪೇ ಇಲ್ಲೈ!" ನಿಮ್ಮ ಹುಡುಗಿ ಸಂಡಿಗೆ ಇಟ್ಟಿದ್ದಾಳೆ, ಉಪ್ಪೇ ಹಾಕಿಲ್ಲ ಅಂತ. ಅಪ್ಪನೂ ನಾನೂ ತಾರಸಿಗೆ ಓಡಿ ಹೋಗಿ ನೋಡಿದರೆ, ಅಕ್ಕ ಅಪ್ಪನ ಪಂಚೆ ಹಾಸಿ, ಅಗುಳು ಅಗುಳಾಗಿ ಅನ್ನ ಒಣಗಿಸುತ್ತಿದ್ದಾಳೆ! ಕಾಗೆ ಓಡಿಸಿ ಓಡಿಸಿ ಮುಖ ಕೆಂಪಾಗಿತ್ತು.

"ಅಜ್ಜಿಗೆ ಕಳಸ್ಬೇಕು. ಹಂಗ ಕಳಿಸಿದ್ರ ಹಳಸ್ತೈತಿ," ಅಂದಳು.

ಅಪ್ಪ ಬೈಯುತ್ತಾನೆ ಅಂದುಕೊಂಡೆ. ಅವನು ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟ. ಆಮೇಲೆ ಮೂಗು ಒರೆಸಿಕೊಂಡು, "ಹುಚ್ಚಿ, ಅನ್ನ ಯಾಕ ಕಳಿಸ್ತಿ? ಅಜ್ಜೀನ್ನ ಕರಸೋಣ" ಅಂದ.

ಅಜ್ಜಿ ಬಂದಳು, ಎರಡೆರಡು ಸಲ ಅನ್ನ ಬಡಿಸಿಕೊಂಡಳು. ಆದರೆ ಬಿತ್ತನೆಯ ಹೊತ್ತಿಗೆ, "ಹೊಲ ನನ್ನ ದಾರಿ ಕಾಯ್ತೈತಿ" ಅಂತ ಹಟ ಹಿಡಿದು ಹೊರಟೇಹೋದಳು.

ಈಗ ನಿಮ್ಮ ಕಾಲ ನೋಡಿ. ಅನ್ನ ಕಡಿಮೆ ತಿನ್ನಿ ಅಂತ ನಿಮ್ಮಮ್ಮ ಗದರುತ್ತಾಳೆ, ಅಂಗಡಿಯಿಂದ ಜೋಳದ ರೊಟ್ಟಿಯ ಪ್ಯಾಕೆಟ್ ತರುತ್ತಾಳೆ, ಅದೂ ಅಕ್ಕಿಗಿಂತ ದುಬಾರಿ! ನಮ್ಮೂರಿಗೆ ಕಾಲುವೆ ಬಂದು, ಆ ಕಡೆಯ ಅಕ್ಕಿಯೇ ಈಗ ಲಾರಿಗಟ್ಟಲೆ ಚೆನ್ನೈಗೆ ಬರುತ್ತಿದೆ. ಹೋದ ರಜೆಯಲ್ಲಿ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆನಲ್ಲ? ಅಜ್ಜಿಯ ಒಣಹೊಲದ ತುಂಬ ನೀರು, ಕಣ್ಣು ಹಾಯುವಷ್ಟು ದೂರ ಹಸಿರು ಭತ್ತ. ಆ ನೀರು ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಬದುವಿನ ಮೇಲೆ ನಿಂತು, "ಬೇ ಅಜ್ಜಿ, ನೋಡು ಬಾ ಇಲ್ಲಿ!" ಅಂತ ಕೂಗಿಬಿಟ್ಟೆ.

ನೀವು ಸುತ್ತಮುತ್ತ ನೋಡಿ, "ತಾತಾ, ಯಾರ ಕೂಪ್ಪಿಡ್ರೀಂಗ?" ಅಂತ, ಯಾರನ್ನು ಕರೀತಿದೀರಿ ಅಂತ, ತಮಿಳಿನಲ್ಲಿ ಕೇಳಿದಿರಿ. ಅವತ್ತು ನಿಮ್ಮ ಕೈ ಹಿಡಿದು ಬದು ಇಳಿಸಿದೆ, ಇವತ್ತು ಹೇಳುತ್ತೇನೆ. ಈ ಅಜ್ಜಿಯನ್ನೇ ಕರೆದದ್ದು, ಮಕ್ಕಳೇ.