ಆಲೂಗಡ್ಡೆ ಇಲ್ಲದ ಬೆಳಕು

ಟೇಪ್ ರೆಕಾರ್ಡರು ಮನೆಗೊಂದು ಹೆಮ್ಮೆಯಾಗಿದ್ದ, ಸಂಜೆಯ ಕರೆಂಟನ್ನು ಯಾರೂ ನಂಬದಿದ್ದ ಕಾಲ ಅದು. ನಮ್ಮ ಹಳೇಬೀಡಿನಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ದೀಪ ಹೋಗುತ್ತಿತ್ತು. ಉಳಿದ ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿ ಹಚ್ಚುತ್ತಿದ್ದರು. ನಮ್ಮಲ್ಲಿ ಅದೂ ಇಲ್ಲ. ನಾವು ಜೈನರು, ಗೆಡ್ಡೆ ಗೆಣಸು ಮುಟ್ಟದವರು, ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸುವವರು. ಮಳೆಗಾಲದ ಚಾತುರ್ಮಾಸ ಬಂತೆಂದರೆ ಅಜ್ಜಿ ಬುಡ್ಡಿಯನ್ನೇ ಎತ್ತಿಟ್ಟುಬಿಡುತ್ತಿದ್ದರು. ಉರಿಗೆ ಹುಳ ಬಿದ್ದು ಸಾಯುತ್ತವೆ, ಆ ಪಾಪ ಯಾರಿಗೆ ಅನ್ನುವುದು ಅವರ ಪ್ರಶ್ನೆ. ಅದಕ್ಕೆ ಎದುರು ಮಾತಾಡುವ ಧೈರ್ಯ ಅಪ್ಪಾಜಿಗೂ ಇರಲಿಲ್ಲ. ನನಗಿತ್ತು, ಆದರೆ ನನ್ನನ್ನು ಯಾರು ಕೇಳಬೇಕು?

ನಾನಾಗ ಏಳನೇ ಕ್ಲಾಸು. ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಅಂದರು. ಚೆನ್ನಾಗಿರುವ ಒಂದು ಮಾದರಿಯನ್ನು ಬೇಲೂರಿಗೆ ಕಳಿಸುತ್ತಾರಂತೆ. ಪುಸ್ತಕದಲ್ಲಿ ಆಲೂಗಡ್ಡೆಗೆ ತಾಮ್ರದ ತಂತಿ, ಸತುವಿನ ತುಂಡು ಚುಚ್ಚಿ ಬಲ್ಬು ಹತ್ತಿಸುವ ಚಿತ್ರವಿತ್ತು. ಅದನ್ನು ನೋಡಿದ ದಿನದಿಂದ ನನಗೆ ಅದರದೇ ಗುಂಗು. ಯಾರು ಮಾಡ್ತೀರಿ ಅಂತ ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ಮೇಷ್ಟ್ರು ನಕ್ಕರು.

"ನಿಮ್ಮನೇಲಿ ಆಲೂಗಡ್ಡೆ ಹೊಸ್ತಿಲೇ ದಾಟಲ್ವಲ್ಲಮ್ಮ. ಶಿವು ಮಾಡ್ತಾನೆ ಬಿಡು. ನೀನು ಬಾಗಿಲಿಗೆ ರಂಗೋಲಿ ಹಾಕು."

ಇಡೀ ಕ್ಲಾಸು ಗೊಳ್ಳೆಂದಿತು. ನನಗೆ ರಂಗೋಲಿ ನಿಜವಾಗಿಯೂ ಚೆನ್ನಾಗಿ ಬರುತ್ತಿತ್ತು, ಅದಕ್ಕೇ ಇನ್ನಷ್ಟು ಮೈ ಉರಿಯಿತು. "ನಾನೂ ಮಾಡ್ತೀನಿ ಸಾರ್" ಅಂದೆ. "ಮಾಡು, ನೋಡೋಣ" ಅಂದರು. ಆ 'ನೋಡೋಣ' ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಮ್ಮ ಕಡೆ ಆಗ ಆಲೂಗಡ್ಡೆ ಕೀಳುವ ಕಾಲ. ಊರ ತುಂಬ ಹಸಿಮಣ್ಣಿನ ವಾಸನೆ, ರಸ್ತೆಯ ಪಕ್ಕದಲ್ಲೆಲ್ಲ ಮೂಟೆ. ಲಾರಿಯಿಂದ ಉದುರಿದ ನಾಲ್ಕನ್ನು ಲಂಗದಲ್ಲಿ ಕಟ್ಟಿಕೊಂಡು ಬಂದು ಹಿತ್ತಲ ಸೌದೆಯ ಸಂದಿಯಲ್ಲಿ ಬಚ್ಚಿಟ್ಟೆ. ಬಚ್ಚಿಟ್ಟದ್ದು ಅಜ್ಜಿಗೆ ಸಿಗದೆ ಹೋದ ಉದಾಹರಣೆ ನಮ್ಮ ಮನೆಯಲ್ಲಿಲ್ಲ.

"ಏನೇ ಪದ್ಮಿ ಇದು?"

"ತಿನ್ನೋಕಲ್ಲ ಅಜ್ಜಿ. ಮೊಳೆ ಚುಚ್ಚಿ ಕರೆಂಟ್ ಮಾಡೋಕೆ."

ಅಜ್ಜಿ ಹೌಹಾರಿದರು. "ಚುಚ್ಚೋಕಾ? ತಿನ್ನೋದಕ್ಕಿಂತ ಕಡೆಯಾಯ್ತಲ್ಲೇ! ನೋಡು, ಎಷ್ಟು ಕಣ್ಣಿದೆ ಇದಕ್ಕೆ. ಒಂದೊಂದು ಕಣ್ಣೂ ಒಂದೊಂದು ಜೀವ. ಇಷ್ಟು ಜೀವ ಚುಚ್ಚಿ ನೀನು ದೀಪ ಹಚ್ತೀಯಾ?"

"ಹಚ್ತೀನಿ" ಅಂದೆ. ಬೆನ್ನ ಮೇಲೆ ಒಂದು ಬಿತ್ತು. ಆಲೂಗಡ್ಡೆಯನ್ನು ಹಾಲು ತರುವ ನಿಂಗಮ್ಮನ ಕೈಗೆ ಕೊಟ್ಟು, ಹೊಲದಲ್ಲಿ ಹೂತುಬಿಡು ಅಂತ ಹೇಳಿದರು. ನಿಂಗಮ್ಮ ಹೂಂಗುಟ್ಟಿ ಸೆರಗಿಗೆ ಕಟ್ಟಿಕೊಂಡಳು. ಅಜ್ಜಿಯ ಅಹಿಂಸೆ ಆ ರಾತ್ರಿ ಅವಳ ಸಾರಿನಲ್ಲಿ ಬೆಂದಿತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಗೆಡ್ಡೆ ಬೇಡವಾದರೆ ಹಣ್ಣಾಗಲಿ ಅಂತ ನಿಂಬೆಹಣ್ಣಿಗೆ ಕೈ ಹಾಕಿದೆ. ಅಜ್ಜಿ ಬಸದಿಗೆ ಹೋದ ಹೊತ್ತು ನೋಡಿ, ಜಗಲಿಯ ಮೇಲೆ ನಿಂಬೆಹಣ್ಣುಗಳನ್ನು ಸಾಲಾಗಿಟ್ಟು, ಸತು ಬಳಿದ ಹಳೆಯ ತಗಡಿನ ಚೂರು, ತಾಮ್ರದ ತಂತಿ ಚುಚ್ಚಿ ಟಾರ್ಚಿನ ಬಲ್ಬು ಹಿಡಿದೆ. ಬಲ್ಬು ಕೆಂಪಗೂ ಆಗಲಿಲ್ಲ. ಇನ್ನೆರಡು ನಿಂಬೆಹಣ್ಣು ತರೋಣವೆಂದು ಒಳಗೆ ಹೋಗಿದ್ದೆ, ಹೊರಗಿನಿಂದ ನಿಂಗಮ್ಮನ ಚೀರಾಟ.

"ಅಯ್ಯಯ್ಯೋ, ಬನ್ರವ್ವೋ! ಯಾರೋ ಮಾಟ ಮಾಡ್ಸವ್ರೆ! ನಿಂಬೆಹಣ್ಗೆಲ್ಲ ಚುಚ್ಚವ್ರೆ ಕಣ್ರವ್ವಾ!"

ಅರ್ಧ ಬೀದಿ ಸೇರಿತು. ನಾನೇ ಚುಚ್ಚಿದ್ದು ಅಂದರೂ ಯಾರೂ ನಂಬಲಿಲ್ಲ. ಅಪ್ಪಾಜಿಯ ಬಟ್ಟೆ ಅಂಗಡಿಗೆ ಮಾರನೆಯ ದಿನ ಗಿರಾಕಿಗಳೇ ಬರಲಿಲ್ಲ. "ಜನ ಅಂಗಡಿಗೆ ಬರ್ಬೇಕೋ ಬೇಡ್ವೋ? ಇನ್ನು ಈ ಆಟ ಸಾಕು" ಅಂತ ಮುಖ ದಪ್ಪ ಮಾಡಿಕೊಂಡು ಹೇಳಿದರು. ಸುಮ್ಮನಿದ್ದೆ ಅಂದರೆ ಒಪ್ಪಿಕೊಂಡೆ ಅಂತ ಅವರು ತಿಳಿದರು, ಅದು ಅವರ ತಪ್ಪು.

ದಾರಿ ಸಿಕ್ಕಿದ್ದು ಬಚ್ಚಲಲ್ಲಿ. ತಾಮ್ರದ ಹಂಡೆ, ಚೊಂಬುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು ನನ್ನ ಪಾಲಿನ ಕೆಲಸ. ತಿಕ್ಕುವಾಗ ಬೆರಳ ಗಾಯ ಚುರುಗುಟ್ಟಿತು. ನಿಂಬೆಯಲ್ಲಿರುವ ಹುಳಿ ಇದರಲ್ಲೂ ಇದೆಯಲ್ಲ! ಹುಣಸೆಹಣ್ಣಿಗೆ ಅಜ್ಜಿಯ ಅಡ್ಡಿಯಿಲ್ಲ, ನಿಂಗಮ್ಮನ ಭಯವೂ ಇಲ್ಲ. ಐದು ತೆಂಗಿನ ಚಿಪ್ಪಿನಲ್ಲಿ ಗಟ್ಟಿಯಾಗಿ ಹುಣಸೆ ರಸ ಹಿಂಡಿದೆ. ಚಿಪ್ಪಿಗೊಂದು ತಗಡು, ಒಂದು ತಾಮ್ರ, ಒಂದರ ತಗಡಿನಿಂದ ಇನ್ನೊಂದರ ತಾಮ್ರಕ್ಕೆ ತಂತಿ. ಬಲ್ಬಿನ ಬದಲು ಕೆಟ್ಟು ಮೂಲೆ ಸೇರಿದ್ದ ನಮ್ಮ ಟೇಪ್ ರೆಕಾರ್ಡರಿನ ಕೆಂಪು ಲೈಟನ್ನು ಕಿತ್ತು ತಂದೆ. ಅದು ಎಲ್‌ಇಡಿ ಅಂತ ಆಗ ಗೊತ್ತಿರಲಿಲ್ಲ. ಶೆಲ್ಲು ಸೋತು ಹಾಡು ಎಳೆದಾಡುವಾಗಲೂ ಆ ಚುಕ್ಕೆ ಮಾತ್ರ ಉರಿಯುತ್ತಿದ್ದುದು ನೆನಪಿತ್ತು. ಅದಕ್ಕೆ ಸ್ವಲ್ಪವೇ ಸಾಕು ಅನ್ನುವುದು ನನ್ನ ಲೆಕ್ಕ.

ಮುಟ್ಟಿಸಿದರೆ ಏನೂ ಆಗಲಿಲ್ಲ. ಅಳು ಬಂತು. ಸಿಟ್ಟಿನಲ್ಲಿ ಲೈಟಿನ ಎರಡು ತಂತಿಕಾಲುಗಳನ್ನು ಅದಲುಬದಲು ಮಾಡಿ ಹಿಡಿದೆ. ಹತ್ತಿತು! ಕುಂಕುಮದ ಚುಕ್ಕೆಯಷ್ಟು ಬೆಳಕು, ಆದರೆ ನನ್ನದು.

ಊಟ ಮುಗಿದು ಕತ್ತಲಾಗುತ್ತಿತ್ತು. ಕರೆಂಟು ಎಂದಿನಂತೆ ಹೋಗಿತ್ತು. ಚಿಪ್ಪುಗಳನ್ನು ತಂದು ಅಜ್ಜಿಯ ಎದುರಿಗೇ ಇಟ್ಟೆ, ಬೇಕಾದರೆ ಹೊಡೆಯಲಿ ಅಂತ. ಅಜ್ಜಿ ಹೊಡೆಯಲಿಲ್ಲ. ಬಗ್ಗಿ ನೋಡುತ್ತ ಕೂತರು. ಒಂದು ಮಳೆಹುಳ ಹಾರಿ ಬಂದು ಆ ಕೆಂಪು ಚುಕ್ಕೆಯ ಮೇಲೇ ಕೂತಿತು. ಅಜ್ಜಿ ಉಸಿರು ಬಿಗಿಹಿಡಿದರು. ಹುಳ ಅದರ ಮೇಲೆ ನಿಧಾನವಾಗಿ ನಡೆದಾಡಿ, ರೆಕ್ಕೆ ಕೊಡವಿ ಹಾರಿಹೋಯಿತು.

"ಸುಡಲ್ವೇನೇ ಇದು?"

"ಸುಡಲ್ಲ. ಮುಟ್ಟಿ ನೋಡಿ."

ಅಜ್ಜಿ ಬೆರಳಿಟ್ಟು ನೋಡಿದರು. ಬೆಳಿಗ್ಗೆ ಎದ್ದು ನೋಡಿದರೆ ನನ್ನ ತಾಮ್ರದ ತಂತಿಗಳೆಲ್ಲ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಥಳಥಳ ಹೊಳೆಯುತ್ತಿದ್ದವು.

ಪ್ರದರ್ಶನದ ದಿನ ಮೇಷ್ಟ್ರು ಚಿಪ್ಪುಗಳನ್ನು ನೋಡಿ, "ಆಲೂಗಡ್ಡೆ ಎಲ್ಲಿ? ಪುಸ್ತಕದಲ್ಲಿರೋ ಹಾಗೆ ಮಾಡ್ಬೇಕು. ಇದನ್ನ ಟೇಬಲ್ ಮೇಲೆ ಇಡ್ಬೇಡ" ಅಂದರು. ಟೇಬಲ್ಲಿನ ಮೇಲೆ ಶಿವುವಿನ ಆಲೂಗಡ್ಡೆಗಳಿದ್ದವು, ಟಾರ್ಚಿನ ಬಲ್ಬು ಜೋರಾಗಿ ಉರಿಯುತ್ತಿತ್ತು. ಹಾಸಿದ ಬಟ್ಟೆಯ ಕೆಳಗೆ ಎರಡು ಶೆಲ್ಲು ಇರುವುದು ನಮ್ಮ ಕ್ಲಾಸಿಗೆಲ್ಲ ಗೊತ್ತಿತ್ತು. ನಾನು ಮನೆಗೆ ಹೋಗಲಿಲ್ಲ. ಹೊರಗೆ ಜಗಲಿಯ ನೆಲದ ಮೇಲೆ, ನಾನು ಹಾಕಲು ಒಪ್ಪದ ರಂಗೋಲಿಯ ಜಾಗದಲ್ಲೇ, ನನ್ನ ಐದು ಚಿಪ್ಪುಗಳನ್ನಿಟ್ಟೆ.

ಆದರೆ ಬಿಸಿಲು! ಅಂಥ ಬೆಳಕಿನಲ್ಲಿ ನನ್ನ ಚುಕ್ಕೆ ಯಾರ ಕಣ್ಣಿಗೂ ಕಾಣಲಿಲ್ಲ. ಹುಡುಗರು "ಹುಳಿ ಸಾರು ಕಣ್ರೋ" ಅಂತ ಹಂಗಿಸುತ್ತ ದಾಟಿಹೋದರು. ಆಗ ಗೇಟಿನಲ್ಲಿ ಅಜ್ಜಿ ಕಂಡರು. ಮನೆ, ಬಸದಿ ಬಿಟ್ಟು ಎಲ್ಲಿಗೂ ಹೋಗದ ಅಜ್ಜಿ. ಬಂದವರೇ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ದಪ್ಪ ಕಂದು ಸೀರೆಯ ಸೆರಗನ್ನು ಬಿಚ್ಚಿ ಚಿಪ್ಪುಗಳ ಮೇಲೆ ಗುಡಾರದ ಹಾಗೆ ಎತ್ತಿ ಹಿಡಿದರು.

"ಬನ್ರೋ ಮಕ್ಳಾ, ಒಳಗೆ ಬಗ್ಗಿ ನೋಡಿ. ಒಂದು ಜೀವಾನೂ ಚುಚ್ಚದೆ ದೀಪ ಹಚ್ಚಿದಾಳೆ ನಮ್ಮ ಹುಡುಗಿ."

ಮೊದಲು ಒಬ್ಬ ಬಗ್ಗಿದ. ಆಮೇಲೆ ಸಾಲು ಹಿಡಿಯಿತು. ಒಳಗಿನಿಂದ "ಹಾ!" ಅನ್ನುವ ಸದ್ದು, ಹೊರಗೆ ನೂಕಾಟ. ಶಿವು ಕೂಡ ಬಂದು ಬಗ್ಗಿದ. ಮೇಷ್ಟ್ರು ಬಂದು, "ಅಮ್ಮಾ, ಹೊತ್ತಾಯ್ತು, ಎದ್ದೇಳಿ" ಅಂದರು.

"ನೋಡ್ದೆ ಇರೋರು ಇನ್ನೂ ಇದಾರಲ್ಲ ಮೇಷ್ಟ್ರೇ" ಅಂದರು ಅಜ್ಜಿ. "ನೀವೂ ನೋಡಿಲ್ಲ."

ಮೇಷ್ಟ್ರು ಬಗ್ಗಿದರು. ಎದ್ದಾಗ ಮುಖ ಸಪ್ಪಗಿತ್ತು. ಆದರೂ ಬೇಲೂರಿಗೆ ಹೋದದ್ದು ಆಲೂಗಡ್ಡೆಯೇ. ಹೋಗಲಿ. ಎರಡು ಶೆಲ್ಲುಗಳ ಬೆಳಕಿಗೆ ಬಹುಮಾನ ಕೊಡುವವರಿಂದ ನನಗೇನೂ ಬೇಕಿರಲಿಲ್ಲ, ಈಗಲೂ ಬೇಡ.

ಈಗ ಕೋಣೆಗೊಂದು ಬೆಳ್ಳನೆಯ ಎಲ್‌ಇಡಿ. ಇನ್ವರ್ಟರ್ ಇರುವುದರಿಂದ ಕರೆಂಟು ಹೋದದ್ದೇ ತಿಳಿಯುವುದಿಲ್ಲ. ಅಜ್ಜಿ ಇಲ್ಲ. ನಮ್ಮ ಮನೆಯಲ್ಲಿ ಆಲೂಗಡ್ಡೆ ಬೇಯುತ್ತದೆ, ಯಾರೂ ಅದರ ಕಣ್ಣು ಎಣಿಸುವುದಿಲ್ಲ. ಮೊನ್ನೆ ಮಗಳು ಶಾಲೆಗೆಂದು ಒಂದು ಪೆಟ್ಟಿಗೆ ತಂದಳು. ತಂತಿ, ತಗಡು, ಲೈಟು ಎಲ್ಲ ಅದರಲ್ಲೇ ಇತ್ತು. ಎರಡು ಆಲೂಗಡ್ಡೆ ಕೊಡು ಅಂದಳು. ನನಗೆ ಏನನ್ನಿಸಿತೋ, ಅಜ್ಜಿಯದೇ ಗಡಸು ದನಿ ತಂದುಕೊಂಡು, "ಕೊಡಲ್ಲ. ಮನೇಲಿ ಇದೆಲ್ಲ ಮಾಡ್ಬೇಡ" ಅಂದೆ. ಅವಳು ಎದುರು ನಿಲ್ಲುತ್ತಾಳೆ, ಯಾಕೆ ಅಂತ ಕೇಳುತ್ತಾಳೆ, ಕದ್ದಾದರೂ ಮಾಡುತ್ತಾಳೆ ಅಂತ ಕಾದೆ. ಅಜ್ಜಿಯ ಹಾಗೆ ಸೆರಗು ಎತ್ತಿ ಹಿಡಿಯಲು ನಾನು ಸಿದ್ಧಳಾಗಿದ್ದೆ.

"ಸರಿ ಬಿಡಮ್ಮ" ಅಂದು ಪೆಟ್ಟಿಗೆ ಮುಚ್ಚಿ ಎದ್ದು ಹೋದಳು.