ಶನಿವಾರ ಸಾಯುವ ಬ್ಯಾಟರಿ

ತೆಂಗಿನಕಾಯಿಯನ್ನು ತಟ್ಟಿ ನೋಡದೆ, ಟೊಮೆಟೊ ಕ್ರೇಟಿನ ತಳಕ್ಕೆ ಕೈ ಹಾಕದೆ ನಾನು ಯಾರಿಂದಲೂ ಏನನ್ನೂ ಕೊಂಡವಳಲ್ಲ. ಚೆನ್ನೈನ ಪುರಸೈವಾಕ್ಕಂನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಮದುವೆಯಾಗಿ ಉಡುಪಿ ಕಡೆಯಿಂದ ಇಲ್ಲಿಗೆ ಬಂದ ಹೊಸತರಲ್ಲೇ ಅತ್ತೆ ನನ್ನನ್ನು ಹೋಟೆಲಿನ ಹಿಂಬಾಗಿಲಲ್ಲಿ ನಿಲ್ಲಿಸಿ, ಬರುವ ಸಾಮಾನನ್ನೆಲ್ಲ ಅನುಮಾನದಿಂದ ನೋಡುವುದನ್ನು ಕಲಿಸಿದರು. "ಅವ ಮೇಲಿನದ್ದು ತೋರಿಸ್ತಾನೆ, ನೀನು ಅಡಿಯದ್ದು ನೋಡು ಮಾರಾಯ್ತಿ" ಎನ್ನುತ್ತಿದ್ದರು. ಅವರಷ್ಟು ಒಳ್ಳೆಯ ಗುರು ನನಗೆ ಮತ್ತೆ ಸಿಗಲಿಲ್ಲ.

ಅಂಥ ನಾನು ಐವತ್ತು ದಾಟಿದ ಮೇಲೆ ಒಂದು ಸ್ಪೋರ್ಟ್ಸ್ ಕಾರು ಕೊಂಡೆ ಎಂದರೆ ನೆಂಟರು ಈಗಲೂ ನಗುತ್ತಾರೆ. ನಗಲಿ, ಅವರ ಗಂಟೇನು ಹೋಯಿತು? ಎರಡೇ ಸೀಟು, ಕೆಂಪು ಬಣ್ಣ, ನೆಲಕ್ಕೆ ಅಂಟಿಕೊಂಡಂಥ ಮೈ, ಸೆಕೆಂಡ್ ಹ್ಯಾಂಡ್. ಇಡ್ಲಿಯ ಹಬೆಯಲ್ಲಿ ಬೆಂದು ಕಳೆದ ವರ್ಷಗಳಲ್ಲಿ ನನಗೆಂದು ನಾನು ಬಯಸಿದ್ದು ಇದೊಂದೇ. ಭಾನುವಾರ ಬೆಳಗ್ಗೆ ಪೋರೂರಿನ ಮನೆಯಿಂದ ಹೊರಟು ಎಣ್ಣೂರಿನವರೆಗೆ ಒಬ್ಬಳೇ ಹೋಗಿ ಬರುವುದು. ಮಹಾಬಲಿಪುರದ ದಾರಿ ಹಿಡಿದರೆ ನಮ್ಮ ಗಿರಾಕಿಗಳೇ ಎದುರಾಗಿ "ಇವತ್ತು ಹೋಟೆಲ್ ರಜೆಯಾ?" ಎಂದು ಕೇಳುತ್ತಾರೆ. ಎಣ್ಣೂರಿನ ದಾರಿಯಲ್ಲಿ ಕಂಟೈನರ್ ಲಾರಿಗಳು, ವಿದ್ಯುತ್ ಸ್ಥಾವರದ ಹೊಗೆಕೊಳವೆಗಳು, ಕೊನೆಗೆ ಸಮುದ್ರ. ಅಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಈ ಒಂದು ಬೆಳಗು ಕೈತಪ್ಪಿದರೆ ಇಡೀ ವಾರ ನಾನು ಉರಿಯುತ್ತಲೇ ಇರುತ್ತೇನೆ.

ಅದೇ ಕೈತಪ್ಪತೊಡಗಿತು. ಭಾನುವಾರ ಕೀ ತಿರುಗಿಸಿದರೆ ಟಿಕ್ ಟಿಕ್ ಎಂಬ ಸದ್ದು, ಅಷ್ಟೇ. ಬೀದಿ ಕೊನೆಯ ಮೆಕ್ಯಾನಿಕ್ ಚಾರ್ಜ್ ಮಾಡಿಕೊಟ್ಟರೆ ವಾರದ ದಿನಗಳಲ್ಲಿ ಕಾರು ಜಾಣಮರಿ. ಮತ್ತೆ ಭಾನುವಾರ ಬಂದರೆ ಸತ್ತ ಬ್ಯಾಟರಿ. ಅದು ಸಾಯುತ್ತಿದ್ದುದು ಶನಿವಾರ ರಾತ್ರಿಯೇ. ಬ್ಯಾಟರಿಗೆ ವಾರ ಗೊತ್ತಾಗುತ್ತದೆಯೇ?

"ನಿನ್ನ ಕಾರಿಗೆ ಶನಿವಾರ ಒಪ್ಪತ್ತಿರ್ಬೇಕು" ಎಂದು ನಮ್ಮವರು ತಮಾಷೆ ಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಮೊದಲು ಅವರ ಮೇಲೆಯೇ ಅನುಮಾನ ಬಂತು, ಭಾನುವಾರ ಕೌಂಟರಿನಲ್ಲಿ ನಾನಿದ್ದರೆ ಅವರಿಗೆ ಒಂದು ನಿದ್ದೆ ಸಿಗುತ್ತದಲ್ಲ. ಆಮೇಲೆ ವಾಚ್‌ಮನ್ ಮೇಲೆ: ರಾತ್ರಿ ಕಾರಿನಲ್ಲಿ ಕೂತು ಹಾಡು ಕೇಳುತ್ತಾನೋ ಏನೋ. ಕೊನೆಗೆ ಮೆಕ್ಯಾನಿಕ್ ಮೇಲೆ. ಬ್ಯಾಟರಿ ವೀಕು, "ಮಾತ್ತಿಡಲಾಂಮ್ಮಾ, ಬದಲಾಯಿಸಿಬಿಡೋಣ" ಎಂದು ಅವನು ನಗುತ್ತ ಹೇಳಿದ. ನಗುತ್ತ ಹೇಳಿದ್ದೇ ನನಗೆ ಸರಿ ಬೀಳಲಿಲ್ಲ. ಅವನ ಕೈಯಲ್ಲಿ ಬ್ಯಾಟರಿ ತರಿಸುವುದಿಲ್ಲ, ನಾನೇ ಆರಿಸುತ್ತೇನೆ ಎಂದು ಒಂದು ಶನಿವಾರ ಮಧ್ಯಾಹ್ನ ಬ್ಯಾಟರಿ ಅಂಗಡಿಗೆ ಆಟೋ ಹತ್ತಿದೆ.

ಅಂಗಡಿಯವನು ಮೊದಲು ಒಂದು ಲಿಥಿಯಂ ಬ್ಯಾಟರಿಯನ್ನು ಒಂದೇ ಕೈಯಲ್ಲಿ ಎತ್ತಿ ತಂದ. ಸ್ಪೋರ್ಟ್ಸ್ ಕಾರಿಗೆ ಭಾರ ಕಡಿಮೆಯಾದಷ್ಟೂ ಒಳ್ಳೆಯದಂತೆ. ಕೈಗೆ ಹಗುರವಾದ ಕಾಯಿ ಒಳಗೆ ಒಣಗಿರುತ್ತದೆ ಎಂದು ತಿಳಿದವಳು ನಾನು, ಬೇಡ ಎಂದೆ. ಆಮೇಲೆ ನೀರು ಹಾಕುವ ಕೆಲಸವಿಲ್ಲದ, ಗಟ್ಟಿಯಾಗಿ ಮುಚ್ಚಿದ, ಭಾರದ ಬ್ಯಾಟರಿಯೊಂದನ್ನು ತೋರಿಸಿದ. ತಟ್ಟಿ ನೋಡಿದೆ. ಅವನ ಮುಖದಲ್ಲಿ ನಗು ಬಂದು ಹೋಯಿತು.

"ಮುಂದಿನದ್ದು ಬೇಡಪ್ಪ. ಹಿಂದಿನ ಸಾಲಿನದ್ದು ಕೊಡು."

"ಅಕ್ಕಾ, ಪಿನ್ನಾಡಿ ಇರೋದು ಪಳೈಯ ಸ್ಟಾಕ್. ಹಳೇದಕ್ಕಾ."

ನನಗಾ ಹೇಳುವುದು? ನಮ್ಮ ಹೋಟೆಲಿನ ಫ್ರಿಜ್ಜಿನಲ್ಲಿ ನಿನ್ನೆಯ ಹಾಲು ಮುಂದೆ, ಇವತ್ತಿನದು ಹಿಂದೆ. ಹೊಸ ಸಾಮಾನನ್ನು ಹಿಂದಕ್ಕೆ ತಳ್ಳದ ವ್ಯಾಪಾರಿಯನ್ನು ನಾನು ಕಂಡಿಲ್ಲ. ಹಟ ಹಿಡಿದೆ. ಅವನು ಏದುಸಿರು ಬಿಡುತ್ತ ಹಿಂದಿನದನ್ನು ಎಳೆದು, ಮೇಲೆ ಒತ್ತಿದ್ದ ತಿಂಗಳು, ವರ್ಷ ತೋರಿಸಿದ. ನಿಜವಾಗಿಯೂ ಹಳೆಯದೇ. ಇಷ್ಟು ಭಾರವನ್ನು ಯಾರು ಪ್ರತಿಸಲ ಎತ್ತಿ ಹಿಂದು ಮುಂದು ಮಾಡುತ್ತಾರೆ, ಹೊಸದು ಬಂದಂತೆ ಮುಂದೆ ಇಟ್ಟುಬಿಡುತ್ತೇವೆ ಎಂದ. ಹಾಗಾದರೆ ಇವನು ಯಾಕೆ ಇಷ್ಟು ಸತ್ಯ ಹೇಳುತ್ತಿದ್ದಾನೆ ಎಂದು ನನ್ನ ಅನುಮಾನ ಇನ್ನೂ ಜಾಸ್ತಿಯಾಯಿತು.

ಅಷ್ಟರಲ್ಲಿ ಅವನು ಇನ್ನೊಂದನ್ನು ತೆಗೆದ. ಕೆಂಪು ಪ್ಲಾಸ್ಟಿಕ್ ಕೀ ಇರುವ ಒಂದು ಸ್ವಿಚ್ಚು. ಬ್ಯಾಟರಿಗೆ ಜೋಡಿಸಿ ಕೀ ತಿರುಗಿಸಿ ತೆಗೆದಿಟ್ಟರೆ ಕಾರಿಗೆ ಒಂದು ಹನಿ ಕರೆಂಟೂ ಹೋಗುವುದಿಲ್ಲವಂತೆ. ಅಬ್ಬಾ, ಇದು ಮೇಲಿಂದ ಇನ್ನೊಂದು ಟೋಪಿ! ಏನೂ ಕೊಳ್ಳದೆ ಸೀದಾ ಮನೆಗೆ ಬಂದೆ.

ಇನ್ನೂ ದೀಪ ಹಚ್ಚುವ ಹೊತ್ತು. ನಾನು ಅಷ್ಟು ಬೇಗ ಬರುತ್ತೇನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೇಟಿನ ಬಳಿ ಬಂದಾಗ ಅತ್ತೆ ಕೈಯಲ್ಲಿ ದೀಪ ಹಿಡಿದು ಕಾರಿನ ಹತ್ತಿರ ನಿಂತಿದ್ದು ಕಾಣಿಸಿತು. ಕಾರಿನ ಕೀ ದೇವರ ಕೋಣೆಯ ಮೊಳೆಗೆ ನೇತಾಡುತ್ತಿರುತ್ತದೆ, ಮನೆಯ ಎಲ್ಲ ಕೀಗಳ ಜೊತೆ. ಅತ್ತೆ ಕಾರಿನ ಬಾಗಿಲು ತೆರೆದರು, ಒಳಗಿನ ಲೈಟು ಹೊತ್ತಿತು. ಸ್ಟೀರಿಂಗಿಗೆ ದೀಪ ತೋರಿಸಿ ಕೈ ಮುಗಿದರು. ಸಂಜೆ ದೀಪದ ಹೊತ್ತಿಗೆ ನಮ್ಮಲ್ಲಿ ಬಾಗಿಲು ಮುಚ್ಚಿಡುವುದಿಲ್ಲ, ಲಕ್ಷ್ಮಿ ಬರುವ ಹೊತ್ತು. ಮನೆ ಬಾಗಿಲಾಯಿತು, ಬೀರು ಬಾಗಿಲಾಯಿತು, ಈಗ ಕಾರಿನದೂ. ನನಗೆ ನಗು ಬರುವುದರಲ್ಲಿತ್ತು.

ಆಮೇಲೆ ಅವರು ಬಾಗಿಲನ್ನು ಎರಡೇ ಬೆರಳಲ್ಲಿ ಮೆತ್ತಗೆ ತಳ್ಳಿದರು. ಸರಿಯಾಗಿ ಹಾಕಿಕೊಳ್ಳದಂತೆ, ಆದರೆ ತೆರೆದೂ ಕಾಣದಂತೆ. ಒಳಗೆ ಲೈಟು ಉರಿಯುತ್ತಿದೆಯೇ ಎಂದು ಬಗ್ಗಿ ನೋಡಿದರು. ಅದರ ಮೇಲೆ ಕಾರಿನ ಕವರನ್ನು ಎಳೆದು ನೀಟಾಗಿ ಮುಚ್ಚಿದರು. ಧೂಳು ಬೀಳುತ್ತದೆ, ನಾನೇ ಮುಚ್ಚುತ್ತೇನೆ ಎಂದು ಅವರು ಹಟ ಮಾಡಿದ್ದು ಯಾಕೆಂದು ಆಗ ಗೊತ್ತಾಯಿತು. ಕವರಿನಡಿ ರಾತ್ರಿಯಿಡೀ ಲೈಟು ಉರಿದು ಬ್ಯಾಟರಿ ಬರಿದಾದರೂ ಯಾರಿಗೂ ಕಾಣದು. ಬೆಳಗ್ಗೆ ನನಗಿಂತ ಮೊದಲೆದ್ದು ದಾಸವಾಳ ಕೊಯ್ಯಲು ಬರುವವರೂ ಅವರೇ, ಬಾಗಿಲನ್ನು ಗಟ್ಟಿಯಾಗಿ ಹಾಕಿಡುವವರೂ ಅವರೇ.

"ಅತ್ತೆ, ಎಂತ ಮಾಡ್ತಿದ್ದೀರಿ?"

ಬೆಚ್ಚಿಬಿದ್ದರು. "ಲಕ್ಷ್ಮಿ..." ಎಂದರು.

"ಲಕ್ಷ್ಮಿ ಬಂದಾಯ್ತಲ್ಲ. ಇನ್ನು ಬಾಗಿಲು ಸರಿಯಾಗಿ ಹಾಕಿ ನೋಡುವ."

ಅವರು ಹಾಕಲಿಲ್ಲ. "ಮೊದಲ ಸಲ ಮರ್ತೇ ಹೋದದ್ದು, ದೇವರಾಣೆ. ಮರುದಿನ ಗಾಡಿ ಸ್ಟಾರ್ಟ್ ಆಗ್ಲಿಲ್ಲ. ನೀನು ಮನೆಯಲ್ಲೇ ಇದ್ದಿ. ಅವತ್ತು ನಾನು ಹೊಟ್ಟೆ ತುಂಬ ತಿಂಡಿ ತಿಂದೆ ಮಗಾ. ನೀನು ಆ ಲಾರಿಗಳ ಮಧ್ಯೆ ಹೋದ ದಿನ ನನ್ಗೆ ಕಾಫಿ ಸಹ ಗಂಟಲಲ್ಲಿ ಇಳಿಯುದಿಲ್ಲ."

"ಹೋಗ್ಬೇಡ ಅಂತ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ? ಊರವರನ್ನೆಲ್ಲ ಕಳ್ಳರು ಅಂದುಕೊಂಡೆ ನಾನು!"

"ಹೇಳಿದ್ರೆ ನೀನು ಕೇಳ್ತಿದ್ಯಾ? ಬ್ಯಾಟರಿ ಕೇಳ್ತು."

ಸಿಟ್ಟು ನೆತ್ತಿಗೇರಿತು. ಕವರನ್ನು ಕಿತ್ತೆಸೆದು, ಬಾಗಿಲನ್ನು ಧಡಾರನೆ ಹಾಕಿ ಒಳಗೆ ಹೋದೆ. ಆ ರಾತ್ರಿ ಊಟಕ್ಕೆ ಅವರು ಬಡಿಸಿದ ಸಾರನ್ನು ನಾನು ಬೇಕೆಂದೇ ಇನ್ನೊಮ್ಮೆ ಕೇಳಲಿಲ್ಲ. ಅಳುವೂ ಬಂತು. ಅವರ ಮಾತು ಅಪ್ಪಟ ನಿಜವಾಗಿತ್ತು, ಹೇಳಿದ್ದರೆ ನಾನು ಖಂಡಿತ ಕೇಳುತ್ತಿರಲಿಲ್ಲ.

ಸೋಮವಾರ ಮತ್ತೆ ಅದೇ ಅಂಗಡಿಗೆ ಹೋದೆ. ತಿಂಗಳುಗಟ್ಟಲೆ ಬರಿದಾಗಿ ಬರಿದಾಗಿ ಹಳೆಯ ಬ್ಯಾಟರಿ ಕೆಟ್ಟೇ ಹೋಗಿತ್ತು. ಮುಂದಿನ ಸಾಲಿನದ್ದೇ ಕೊಡು ಎಂದೆ. ಆ ಕೆಂಪು ಕೀಯ ಸ್ವಿಚ್ಚನ್ನೂ ಕೊಡು ಎಂದೆ. ಅಂಗಡಿಯವನು ಈ ಸಲ ನನ್ನನ್ನೇ ಅನುಮಾನದಿಂದ ನೋಡಿದ.

ಸ್ವಿಚ್ಚು ಜೋಡಿಸಿಯಾದ ಮೇಲೆ ಕೆಂಪು ಕೀಯನ್ನು ಅತ್ತೆಯ ಅಂಗೈಯಲ್ಲಿಟ್ಟೆ. ಇದಿಲ್ಲದೆ ಕಾರು ಅಲ್ಲಾಡುವುದಿಲ್ಲ, ಇದು ನಿಮ್ಮ ಹತ್ತಿರವೇ ಇರಲಿ ಎಂದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ, ಇದರಲ್ಲಿ ಏನೋ ಮಸಲತ್ತಿದೆ ಎಂಬಂತೆ ನೋಡಿ, ಸೆರಗಿನ ತುದಿಗೆ ಕಟ್ಟಿಕೊಂಡರು.

ಭಾನುವಾರ ಬೆಳಗ್ಗೆ ದೇವರ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದೆ. ಕೊಡುವುದಿಲ್ಲ ಎಂದೇ ನನಗೆ ಅನುಮಾನ. ಅತ್ತೆ ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. ಮಾಲೆ ಮುಗಿದ ಮೇಲೆ ಸೆರಗಿನ ಗಂಟು ಬಿಚ್ಚಿ ಕೀ ಚಾಚಿದರು. ನಾನು ಹಿಡಿದುಕೊಂಡೆ, ಅವರು ಬಿಡಲಿಲ್ಲ.

"ಎಣ್ಣೂರಿಗೆ ಬೇಡ" ಎಂದರು.

ಬೇಡ ಎಂಬ ಮಾತನ್ನು ಅವರು ನನಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಕೀ ಬಿಟ್ಟರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗೇಟು ದಾಟಿ, ಎಂದಿನ ದಾರಿ ಬಿಟ್ಟು ಮಹಾಬಲಿಪುರದ ಕಡೆಗೆ ತಿರುಗಿಸಿದೆ.